ಗೊರಿಲ್ಲಾಗಳು ಹೆಚ್ಚಿದವು, ಕಾಡು ಹೆಚ್ಚಲಿಲ್ಲ: ಹೊಟ್ಟೆಯೊಳಗಿನ ಹುಳಗಳ ಲೆಕ್ಕ

ವನ್ಯಜೀವಿಗಳ ಸುದ್ದಿಯಲ್ಲಿ ಖುಷಿ ಕೊಡುವ ಅಂಕಿ ಸಿಗುವುದೇ ಅಪರೂಪ. ಬೆಟ್ಟದ ಗೊರಿಲ್ಲಾಗಳ ವಿಷಯದಲ್ಲಿ ಅದು ಸಿಕ್ಕಿದೆ. ರುವಾಂಡಾ, ಉಗಾಂಡಾ, ಕಾಂಗೋ ಮೂರೂ ದೇಶಗಳು ಸೇರುವ ಕಡೆ ವಿರುಂಗಾ ಎಂಬ ಅಗ್ನಿಪರ್ವತಗಳ ಸಾಲಿದೆ. 1980ರ ದಶಕದ ಶುರುವಿನಲ್ಲಿ ಅಲ್ಲಿ ಉಳಿದಿದ್ದ ಗೊರಿಲ್ಲಾಗಳು ಸುಮಾರು 250. 2015–16ರ ಗಣತಿಯ ಹೊತ್ತಿಗೆ ಅವು 604 ಆಗಿದ್ದವು. ಅಲ್ಲಿಂದ ಸ್ವಲ್ಪ ದೂರದ ಬ್ವಿಂಡಿ ಕಾಡಿನವನ್ನೂ ಸೇರಿಸಿದರೆ ಒಟ್ಟು ಸಾವಿರ ದಾಟಿತು. 2018ರ ನವೆಂಬರ್‌ನಲ್ಲಿ ಐಯುಸಿಎನ್ ಸಂಸ್ಥೆ ಇವನ್ನು 'ತೀರಾ ಅಪಾಯದಲ್ಲಿರುವ' ಪ್ರಾಣಿಗಳ ಪಟ್ಟಿಯಿಂದ ತೆಗೆದು 'ಅಪಾಯದಲ್ಲಿರುವ' ಪಟ್ಟಿಗೆ ಹಾಕಿತು. ಚಿಂಪಾಂಜಿ, ಬೊನೊಬೊ, ಒರಾಂಗುಟಾನ್ ಯಾವುದಕ್ಕೂ ಈ ಭಾಗ್ಯ ಬಂದಿಲ್ಲ.

ಇದರ ಜೊತೆಗೇ ಒಂದು ತಕರಾರೂ ಬಂದಿದೆ. ಗೊರಿಲ್ಲಾಗಳು ಎರಡು ಪಟ್ಟಿಗಿಂತ ಜಾಸ್ತಿಯಾದವು, ನೆಲ ಮಾತ್ರ ಇದ್ದಷ್ಟೇ ಇದೆ. ವಿರುಂಗಾದ ಇಡೀ ಕಾಡು ಸುಮಾರು 450 ಚದರ ಕಿಲೋಮೀಟರ್. ನಮ್ಮ ಬಂಡೀಪುರದ ಹೆಚ್ಚುಕಮ್ಮಿ ಅರ್ಧ. ಕಾಡು ಮುಗಿಯುವಲ್ಲಿ ಒಂದು ಕಲ್ಲಿನ ಗೋಡೆ, ಗೋಡೆಯ ಆಚೆಗೆ ಆಲೂಗಡ್ಡೆ ಹೊಲ, ಹೊಲದ ಪಕ್ಕದಲ್ಲೇ ಮನೆ. ಆಫ್ರಿಕಾದಲ್ಲೇ ಅತಿ ಹೆಚ್ಚು ಜನ ಒತ್ತಾಗಿ ಬದುಕುವ ಹಳ್ಳಿಗಾಡು ಪ್ರದೇಶಗಳಲ್ಲಿ ಇದೂ ಒಂದು. ಹೆಚ್ಚಿದ ಗೊರಿಲ್ಲಾಗಳು ಹೋಗುವುದಾದರೂ ಎಲ್ಲಿಗೆ?

ಎಲ್ಲೂ ಹೋಗಲಿಲ್ಲ. ಇದ್ದಲ್ಲೇ ಒತ್ತರಿಸಿಕೊಂಡವು. ಕೆಲವು ಕಡೆ ಗುಂಪುಗುಂಪುಗಳ ಜಗಳ ಹೆಚ್ಚಿತು, ಆ ಜಗಳದಲ್ಲಿ ಮರಿಗಳು ಸತ್ತವು. ಇದು ಕಣ್ಣಿಗೆ ಕಾಣುವ ತೊಂದರೆ. ಕಾಣದ ಇನ್ನೊಂದು ಬದಲಾವಣೆ ಅವುಗಳ ಕರುಳಿನಲ್ಲಿ ಆಗುತ್ತಿದೆ. ಅದು ಗೊತ್ತಾದದ್ದು ಲದ್ದಿಯಿಂದ.

ಗೊರಿಲ್ಲಾ ಗಣತಿ ಎಂದರೆ ದುರ್ಬೀನು ಹಿಡಿದು ತಲೆ ಎಣಿಸುವುದಲ್ಲ. ಗೊರಿಲ್ಲಾ ಪ್ರತಿ ಸಂಜೆ ಗಿಡಗಂಟಿಗಳನ್ನು ಬಗ್ಗಿಸಿ ಹೊಸ ಹಾಸಿಗೆ ಮಾಡಿಕೊಂಡು ಮಲಗುತ್ತದೆ. ಬೆಳಗ್ಗೆ ಅದನ್ನು ಬಿಟ್ಟು ಹೋಗುತ್ತದೆ, ಸಾಮಾನ್ಯವಾಗಿ ಹಾಸಿಗೆಯಲ್ಲೇ ಲದ್ದಿಯನ್ನೂ ಬಿಟ್ಟಿರುತ್ತದೆ. ಗಣತಿಯವರು ಗೂಡಿನಿಂದ ಗೂಡಿಗೆ ಹೋಗಿ ಆ ಲದ್ದಿಯ ಚೂರನ್ನು ಟ್ಯೂಬಿಗೆ ತುಂಬಿಕೊಳ್ಳುತ್ತಾರೆ. ಅದರಲ್ಲಿರುವ ಡಿಎನ್‌ಎ ನೋಡಿದರೆ ಇದು ಯಾವ ಗೊರಿಲ್ಲಾ ಎಂದು ಹೇಳಬಹುದು. ಪ್ರಾಣಿಯನ್ನು ಮುಟ್ಟುವ ಹಾಗಿಲ್ಲ, ಮತ್ತಿನ ಮದ್ದು ಹೊಡೆಯುವ ಹಾಗಿಲ್ಲ. ಕಾಡಿನ ವಾನರಗಳ ಹೊಟ್ಟೆಯ ಬಗ್ಗೆ ನಮಗೆ ಗೊತ್ತಿರುವುದೆಲ್ಲ ಬಹುಪಾಲು ಹೀಗೆ ಬಗ್ಗಿ ಹೆಕ್ಕಿದ್ದರಿಂದಲೇ ಬಂದದ್ದು.

2015–16ರ ಗಣತಿಯಲ್ಲಿ ಹೆಕ್ಕಿದ ಲದ್ದಿಯನ್ನು ಇನ್ನೊಂದು ಕೆಲಸಕ್ಕೂ ಬಳಸಿದರು. ಜೆಕ್ ಗಣರಾಜ್ಯದ ಕ್ಲಾರಾ ಪೆಟ್ರ್‌ಜೆಲ್ಕೋವಾ ಮತ್ತು ಜೊತೆಗಾರರು ಅದರಲ್ಲಿದ್ದ ಹುಳದ ಮೊಟ್ಟೆಗಳನ್ನು ಎಣಿಸಿದರು. 2022ರಲ್ಲಿ ಅವರ ಲೇಖನ ಬಂತು. ಯಾವ ಗುಂಪುಗಳು ಚಿಕ್ಕ ಜಾಗದಲ್ಲಿ ಓಡಾಡುತ್ತವೋ, ಎಲ್ಲಿ ಗೊರಿಲ್ಲಾಗಳು ಒತ್ತಾಗಿವೆಯೋ, ಅಲ್ಲಿ ಸ್ಟ್ರಾಂಜಿಲಿಡ್ ಜಾತಿಯ ದುಂಡುಹುಳುಗಳ ಮೊಟ್ಟೆ ಜಾಸ್ತಿ. ಎತ್ತರದ, ಮಳೆ ಹೆಚ್ಚಿರುವ, ತಣ್ಣನೆಯ ಜಾಗಗಳಲ್ಲೂ ಜಾಸ್ತಿ. ದಟ್ಟಣೆ ಹೆಚ್ಚಿದಂತೆ ಗೊರಿಲ್ಲಾಗಳ ಸಂಖ್ಯೆಗೆ ಈ ಹುಳುಗಳೇ ಒಂದಷ್ಟು ಕಡಿವಾಣ ಹಾಕುತ್ತಿರಬಹುದು ಎಂದು ಅವರು ಬರೆದರು. ಸಂರಕ್ಷಣೆ ಗೆದ್ದಿದ್ದರಿಂದಲೇ ಹುಟ್ಟಿದ ಹೊಸ ಆರೋಗ್ಯ ಸಮಸ್ಯೆ ಇದು.

ನನಗೆ ಇದರಲ್ಲಿ ಕುತೂಹಲ ಹುಟ್ಟಿಸಿದ್ದು ಇನ್ನೊಂದು ಸಾಲು. ಗೊರಿಲ್ಲಾಗಳಿಗೆ ಏನಾದರೂ ಆದರೆ ಎಲ್ಲರ ಬೆರಳೂ ಮೊದಲು ಹೋಗುವುದು ಪ್ರವಾಸಿಗಳ ಕಡೆಗೆ. ಮನುಷ್ಯರಿಗೆ ಒಗ್ಗಿಸಿದ ಗುಂಪುಗಳಲ್ಲಿ ರೋಗ ಜಾಸ್ತಿ ಇರಲೇಬೇಕು ಅನ್ನುವುದು ಸಾಮಾನ್ಯ ಊಹೆ. ಹುಳದ ವಿಷಯದಲ್ಲಿ ಆ ಊಹೆ ಹೆಚ್ಚು ನಿಲ್ಲಲಿಲ್ಲ. ಒಗ್ಗಿದ ಗುಂಪು, ಒಗ್ಗದ ಗುಂಪು ಅನ್ನುವ ವ್ಯತ್ಯಾಸದ ಪಾಲು ಸಣ್ಣದು. ಅದೂ ಲಾಡಿಹುಳದ ವಿಷಯದಲ್ಲಿ ಮಾತ್ರ, ಸುತ್ತಲಿನ ಪರಿಸರದ ಜೊತೆ ಸೇರಿದಾಗ ಮಾತ್ರ ಕಂಡದ್ದು. ದೊಡ್ಡ ಪಾಲು ಜಾಗದ್ದು ಮತ್ತು ಹವೆಯದ್ದು.

ಜಾಗಕ್ಕೂ ಹುಳಕ್ಕೂ ಏನು ಸಂಬಂಧ? ಈ ಹುಳುಗಳು ಕರುಳಿನೊಳಗೆ ಮೊಟ್ಟೆ ಇಡುತ್ತವೆ, ಆದರೆ ಮೊಟ್ಟೆ ಅಲ್ಲೇ ಒಡೆದು ಸಂತಾನ ಬೆಳೆಯುವುದಿಲ್ಲ. ಮೊಟ್ಟೆ ಲದ್ದಿಯ ಜೊತೆ ನೆಲಕ್ಕೆ ಬೀಳಬೇಕು. ತೇವ ಇದ್ದರೆ ಅದರಿಂದ ಮರಿ ಹೊರಬರುತ್ತದೆ. ಒಂದು ವಾರದ ಆಸುಪಾಸಿನಲ್ಲಿ ಅದು ಇನ್ನೊಂದು ಪ್ರಾಣಿಯೊಳಗೆ ಹೋಗಲು ತಯಾರಾಗುತ್ತದೆ. ಹುಲ್ಲು, ಎಲೆಯ ಮೇಲಿನ ನೀರಿನ ಪಸೆಯಲ್ಲಿ ಮೇಲಕ್ಕೆ ಹತ್ತಿ ಕಾಯುತ್ತದೆ. ಬೆಟ್ಟದ ಗೊರಿಲ್ಲಾ ತಿನ್ನುವುದು ಹಣ್ಣಲ್ಲ, ನೆಲಕ್ಕೆ ಹತ್ತಿರವಿರುವ ಸೊಪ್ಪು, ಮುಳ್ಳುಗಿಡ, ತುರುಚೆ, ಬಿದಿರು ಕಳಲೆ. ಸೊಪ್ಪಿನ ಜೊತೆ ಮರಿಹುಳವೂ ಹೊಟ್ಟೆ ಸೇರುತ್ತದೆ. ದಿನಾ ಹೊಸ ಹಾಸಿಗೆ ಮಾಡಿಕೊಂಡು ಮುಂದೆ ಹೋಗುವ ಗುಂಪು ತನ್ನ ಹುಳದ ಮರಿಗಳನ್ನು ಹಿಂದೆ ಬಿಟ್ಟು ಹೋಗುತ್ತದೆ, ಎಷ್ಟೋ ಮರಿಗಳು ಕಾದು ಕಾದು ಸಾಯುತ್ತವೆ. ಜಾಗ ಕಡಿಮೆಯಾದರೆ ಗುಂಪು ಬೇಗ ಅದೇ ಜಾಗಕ್ಕೆ ವಾಪಸ್ ಬರುತ್ತದೆ. ಕುರಿ ಸಾಕುವವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ: ಒಂದೇ ಬಯಲಿನಲ್ಲಿ ತಿರುತಿರುಗಿ ಮೇಯಿಸಿದರೆ ಮಂದೆಗೆ ಜಂತು ಹತ್ತುತ್ತದೆ.

ಹಾಗಾದರೆ ಹುಳ ಇರುವ ಗೊರಿಲ್ಲಾ ಎಂದರೆ ಕಾಯಿಲೆಯ ಗೊರಿಲ್ಲಾ ಅಂತಲಾ? ಅಲ್ಲ. ಇಲ್ಲೇ ಸುದ್ದಿಗಳು ಹಾದಿ ತಪ್ಪುವುದು. ಕಾಡಿನ ವಾನರದ ಹೊಟ್ಟೆಯಲ್ಲಿ ಹುಳ ಇರುವುದು ಮಾಮೂಲು, ಇಲ್ಲದಿರುವುದೇ ಅಪರೂಪ. ನಮ್ಮಲ್ಲೂ ವರ್ಷಕ್ಕೆ ಎರಡು ಸಲ ಶಾಲೆ, ಅಂಗನವಾಡಿಗಳಲ್ಲಿ ಮಕ್ಕಳಿಗೆ ಜಂತುಹುಳದ ಮಾತ್ರೆ ಕೊಡುತ್ತಾರಲ್ಲ, ಆ ಆಲ್ಬೆಂಡಜೋಲ್ ಮಾತ್ರೆಯ ಉದ್ದೇಶವೂ ಎಲ್ಲ ಹುಳವನ್ನೂ ಭೂಮಿಯಿಂದ ಅಳಿಸುವುದಲ್ಲ, ಹೊರೆ ಕಡಿಮೆ ಮಾಡುವುದು. ಹತ್ತು ಹುಳ ಇದ್ದವರಿಗೆ ಗೊತ್ತೇ ಆಗುವುದಿಲ್ಲ. ನೂರಾರು ಇದ್ದವರಿಗೆ ರಕ್ತ ಕಡಿಮೆಯಾಗುತ್ತದೆ. ಒಂದು ಗುಂಪಿನಲ್ಲಿ ಹುಳ ಸಮನಾಗಿ ಹಂಚಿಕೊಂಡಿರುವುದೂ ಇಲ್ಲ. ಕೆಲವೇ ಪ್ರಾಣಿಗಳು ಬಹುಪಾಲು ಹುಳ ಹೊತ್ತಿರುತ್ತವೆ. ಹಾಗಾಗಿ 'ಶೇಕಡಾ ಇಷ್ಟು ಗೊರಿಲ್ಲಾಗಳಲ್ಲಿ ಹುಳ ಪತ್ತೆ' ಅನ್ನುವ ವಾಕ್ಯದಿಂದ ಏನೂ ತಿಳಿಯುವುದಿಲ್ಲ. ಎಷ್ಟಿವೆ, ಯಾವ ಜಾತಿಯವು, ಹೊತ್ತ ಪ್ರಾಣಿ ಹೊಟ್ಟೆತುಂಬ ತಿನ್ನುತ್ತಿದೆಯೋ ಇಲ್ಲವೋ, ಇಷ್ಟು ಗೊತ್ತಾಗಬೇಕು.

'ಯಾವ ಜಾತಿಯವು' ಅನ್ನುವುದೇ ಕಷ್ಟದ ಪ್ರಶ್ನೆ. ಲದ್ದಿಯನ್ನು ಗಟ್ಟಿ ಉಪ್ಪುನೀರಿನಲ್ಲಿ ಅಥವಾ ಸಕ್ಕರೆ ನೀರಿನಲ್ಲಿ ಕಲಕಿದರೆ ಹಗುರವಾದ ಮೊಟ್ಟೆಗಳು ಮೇಲೆ ತೇಲುತ್ತವೆ. ಗಾಜಿನ ಮೇಲೆ ಎತ್ತಿಕೊಂಡು ಸೂಕ್ಷ್ಮದರ್ಶಕದಲ್ಲಿ ಎಣಿಸುತ್ತಾರೆ. ಒಂದು ಗ್ರಾಂಗೆ ಎಷ್ಟು ಅನ್ನುವುದು ಲೆಕ್ಕ. ಆದರೆ ಸ್ಟ್ರಾಂಜಿಲಿಡ್‌ಗಳ ಮೊಟ್ಟೆ ಎಲ್ಲ ಒಂದೇ ಥರ: ತೆಳು ಚಿಪ್ಪು, ಕೋಳಿಮೊಟ್ಟೆ ಆಕಾರ, ಒಳಗೆ ಒಡೆಯುತ್ತಿರುವ ಕೋಶಗಳ ಗುಪ್ಪೆ. ಇದು ಕೊಕ್ಕೆಹುಳದ್ದೋ, ಕರುಳಿನ ಗೋಡೆಯಲ್ಲಿ ಗಂಟು ಮಾಡುವ ಹುಳದ್ದೋ, ನೋಡಿ ಹೇಳಲಾಗದು. ಮರಿ ಮಾಡಿಸಿ ನೋಡಬೇಕು, ಇಲ್ಲವೇ ಡಿಎನ್‌ಎ ಓದಬೇಕು. ಕಳೆದ ಒಂದೂವರೆ ದಶಕದಲ್ಲಿ ಈ ವಿಷಯದಲ್ಲಿ ಹೊಸದಾಗಿ ತಿಳಿದದ್ದರಲ್ಲಿ ಹೆಚ್ಚಿನದು ಡಿಎನ್‌ಎ ಓದುವುದು ಅಗ್ಗವಾದ್ದರಿಂದ ತಿಳಿದದ್ದು.

ಗಂಟಿನ ಹುಳ ಅಂದೆನಲ್ಲ, ಅದರ ಹೆಸರು ಈಸೊಫಗೊಸ್ಟೊಮಮ್. ಇದರ ಮರಿ ದೊಡ್ಡ ಕರುಳಿನ ಗೋಡೆ ಕೊರೆದು ಒಳಗೆ ಕೂರುತ್ತದೆ. ಸುತ್ತ ಗಂಟು ಕಟ್ಟುತ್ತದೆ. ಆಮೇಲೆ ದೊಡ್ಡದಾಗಿ ಹೊರಬರುತ್ತದೆ. ಗಂಟು ಜಾಸ್ತಿಯಾದರೆ ನೋವು, ಭೇದಿ, ಸುಸ್ತು. ಚಿಂಪಾಂಜಿಗಳಿಗೆ ಕಾಟ ಕೊಡುವ ಹುಳುಗಳಲ್ಲಿ ಇದು ಮುಖ್ಯವಾದದ್ದು. ಈ ಹುಳದ ವಿರುದ್ಧ ಅವು ತಾವೇ ಏನೋ ಮಾಡಿಕೊಳ್ಳುತ್ತವೆ.

1987ರ ನವೆಂಬರ್. ಟಾಂಜಾನಿಯಾದ ಟಾಂಗನಿಕಾ ಸರೋವರದ ದಡದ ಮಹಾಲೆ ಬೆಟ್ಟ. ಚೌಸಿಕು ಎಂಬ ಹೆಣ್ಣು ಚಿಂಪಾಂಜಿ ಮರಿಯ ಕಡೆಗೂ ಗಮನ ಕೊಡದೆ ಮಲಗಿಯೇ ಇತ್ತು. ಮೂತ್ರದ ಬಣ್ಣ ಗಾಢವಾಗಿತ್ತು, ಮಲ ಸರಿ ಇರಲಿಲ್ಲ. ಎದ್ದು ಹೋಗಿ ಒಂದು ಗಿಡದ ಎಳೆ ಕಾಂಡ ಮುರಿಯಿತು. ತೊಗಟೆ ಸುಲಿದು ಬಿಸಾಕಿತು, ಎಲೆಯನ್ನೂ ಬಿಸಾಕಿತು. ಒಳಗಿನ ತಿರುಳನ್ನು ಅಗಿದು, ರಸ ಹೀರಿ, ನಾರನ್ನು ಉಗಿಯಿತು. ನೋಡುತ್ತಿದ್ದವರು ಸಂಶೋಧಕ ಮೈಕೆಲ್ ಹಫ್‌ಮನ್ ಮತ್ತು ಮೊಹಮೆದಿ ಸೈಫು ಕಲುಂಡೆ. ಕಲುಂಡೆ ಅಲ್ಲಿನ ಟೊಂಗ್ವೆ ಜನದವರು, ಗಿಡಮದ್ದು ಬಲ್ಲವರು. ಅದು ನಮ್ಮವರು ಹೊಟ್ಟೆನೋವಿಗೆ ಕೊಡುವ ಗಿಡ ಎಂದು ಗುರುತು ಹಿಡಿದವರು ಅವರೇ. ವರ್ನೋನಿಯಾ ಅಮಿಗ್ಡಲಿನಾ, ಬಾಯಿಗಿಡಲಾಗದಷ್ಟು ಕಹಿ. ಮಾರನೇ ದಿನ ಮಧ್ಯಾಹ್ನದ ಹೊತ್ತಿಗೆ ಚೌಸಿಕು ಚೇತರಿಸಿಕೊಂಡಿತ್ತು. ಬಿಸಾಕಿದ ಎಲೆ, ತೊಗಟೆಯಲ್ಲಿ ವಿಷದ ಅಂಶ ಹೆಚ್ಚು ಎಂಬುದು ಆಮೇಲೆ ಪ್ರಯೋಗಾಲಯದಲ್ಲಿ ಗೊತ್ತಾಯಿತು.

ಇದೇ ರಸ ಹೀರಿದ ಇನ್ನೊಂದು ಚಿಂಪಾಂಜಿಯ ಮಲವನ್ನು ಹಫ್‌ಮನ್ ಮೊದಲೊಮ್ಮೆ, ಆಮೇಲೊಮ್ಮೆ ಪರೀಕ್ಷೆ ಮಾಡಿದರು. ಗ್ರಾಂಗೆ 130 ಇದ್ದ ಗಂಟುಹುಳದ ಮೊಟ್ಟೆ 20 ಗಂಟೆಯಲ್ಲಿ 15ಕ್ಕೆ ಇಳಿದಿತ್ತು. ಈ ಅಂಕಿಯನ್ನು ಎಲ್ಲರೂ ಎತ್ತಿ ಹೇಳುತ್ತಾರೆ. ಆದರೆ ಅದು ಒಂದೇ ಪ್ರಾಣಿಯದ್ದು, ಹುಳಗಳು ದಿನವೂ ಒಂದೇ ಪ್ರಮಾಣದಲ್ಲಿ ಮೊಟ್ಟೆ ಇಡುವುದೂ ಇಲ್ಲ. ಬಲವಾದ ಸುಳಿವು ಅನ್ನಬಹುದು, ಸಾಬೀತಾಯಿತು ಅನ್ನಲು ನನಗೆ ಧೈರ್ಯವಿಲ್ಲ. ಅಂದಹಾಗೆ ಈ ಗಿಡದ ಹತ್ತಿರದ ಸಂಬಂಧಿಯೊಂದು ನಮ್ಮ ಗಂಧಿಗೆ ಅಂಗಡಿಗಳಲ್ಲೇ ಸಿಗುತ್ತದೆ, ಕಾಡುಜೀರಿಗೆ. ನಮ್ಮಲ್ಲಿ ಅದನ್ನು ಬಹಳ ಹಿಂದಿನಿಂದ ಜಂತುಹುಳಕ್ಕೆಂದೇ ಕೊಡುವ ವಾಡಿಕೆ.

ಎಲೆ ನುಂಗುವ ಕಥೆ ಇದಕ್ಕಿಂತ ಗಟ್ಟಿ. ಟಾಂಜಾನಿಯಾದ ಗೊಂಬೆ ಎಂಬ ಕಾಡಿನಲ್ಲಿ 1970ರ ದಶಕದಲ್ಲಿ ರಿಚರ್ಡ್ ರಾಂಗಮ್ ಒಂದು ವಿಚಿತ್ರ ಗಮನಿಸಿದ್ದರು. ಬೆಳಗ್ಗೆ ಎದ್ದ ಚಿಂಪಾಂಜಿಗಳು ಖಾಲಿ ಹೊಟ್ಟೆಯಲ್ಲಿ ಆಸ್ಪಿಲಿಯಾ ಎಂಬ ಗಿಡದ ಎಲೆಯನ್ನು ಒಂದೊಂದಾಗಿ ಕಿತ್ತು, ನಾಲಗೆಯಲ್ಲೇ ಮಡಚಿ, ಅಗಿಯದೆ ಗುಳಿಗೆ ಥರ ನುಂಗುತ್ತಿದ್ದವು. ಎಲೆ ಹಾಗೇ ಇಡಿಯಾಗಿ ಮಲದಲ್ಲಿ ಹೊರಬರುತ್ತಿತ್ತು. ಮೊದಲು ಎಲೆಯೊಳಗೆ ಹುಳ ಕೊಲ್ಲುವ ರಾಸಾಯನಿಕ ಇದೆ ಎಂದರು. ಆಮೇಲಿನ ಪರೀಕ್ಷೆಗಳಲ್ಲಿ ಎಲೆಯಲ್ಲಿ ಅದು ಸಿಗಲಿಲ್ಲ. ಅಷ್ಟರಲ್ಲಿ ಬೇರೆ ಬೇರೆ ಕಾಡುಗಳಿಂದ ಇದೇ ಸುದ್ದಿ ಬಂತು, ಬೊನೊಬೊ ಮತ್ತು ಬಯಲು ಕಾಡಿನ ಗೊರಿಲ್ಲಾಗಳಲ್ಲೂ ಕಂಡಿತು. ಮೂವತ್ತಕ್ಕೂ ಹೆಚ್ಚು ಜಾತಿಯ ಗಿಡಗಳು, ಅವುಗಳ ರಸಾಯನದಲ್ಲಿ ಹೋಲಿಕೆಯೇ ಇಲ್ಲ. ಹೋಲಿಕೆ ಇದ್ದದ್ದು ಒಂದರಲ್ಲೇ: ಎಲ್ಲ ಎಲೆಗಳ ಮೈಯೂ ಒರಟು, ಸಣ್ಣ ರೋಮ. ಉಗಾಂಡಾದ ಕಿಬಾಲೆ ಕಾಡಿನಲ್ಲಿ ನುಂಗುವ ಎಲೆಗಳಲ್ಲೊಂದು ನಮ್ಮ ಮಂಜಿಷ್ಠದ ಬಳ್ಳಿಯದ್ದೇ. ಬೇರಿನ ಬಣ್ಣಕ್ಕೆ ಹೆಸರಾದ ಆ ಬಳ್ಳಿಯ ಎಲೆ ಕೈಗೆ ಅಂಟಿಕೊಳ್ಳುವಷ್ಟು ತರಿತರಿ.

ಹೊರಬಂದ ಎಲೆಯ ಮಡಿಕೆಗಳಲ್ಲಿ ಹಫ್‌ಮನ್ ಗಂಟುಹುಳಗಳನ್ನು ಕಂಡರು. ಹುಳ ಸತ್ತಿರಲಿಲ್ಲ, ಮಿಸುಕಾಡುತ್ತಿದ್ದವು. ಅಂದರೆ ಇದು ವಿಷವಲ್ಲ, ಗುಡಿಸುವುದು. ಒರಟು ಎಲೆ ಖಾಲಿ ಹೊಟ್ಟೆಯನ್ನು ಕೆರಳಿಸುತ್ತದೆ, ಕರುಳು ಜೋರಾಗಿ ಕೆಲಸ ಮಾಡುತ್ತದೆ, ಆರು ಗಂಟೆಯ ಸುಮಾರಿಗೆ ಎಲೆ ಹೊರಗೆ ಬರುತ್ತದೆ. ಗೋಡೆಯಲ್ಲಿ ಗಟ್ಟಿ ಹಿಡಿಯದ ಹುಳಗಳೂ ಜೊತೆಗೆ ಬರುತ್ತವೆ. ಮಳೆಗಾಲದಲ್ಲಿ, ಹೊಸ ಹುಳ ಹತ್ತುವ ಹೊತ್ತಿನಲ್ಲಿ, ಈ ಅಭ್ಯಾಸ ಹೆಚ್ಚು. 2024ರಲ್ಲಿ ಉಗಾಂಡಾದ ಬುಡೊಂಗೊ ಕಾಡಿನಿಂದ ಬಂದ ಅಧ್ಯಯನ ಇದಕ್ಕೆ ಮತ್ತೊಂದಿಷ್ಟು ಸೇರಿಸಿತು. ಅಲ್ಲಿ ಕಾಯಿಲೆ, ಗಾಯದ ಚಿಂಪಾಂಜಿಗಳು ತಿಂದ ಗಿಡಗಳ ಸಾರವನ್ನು ಪರೀಕ್ಷಿಸಿದಾಗ ಅವುಗಳಲ್ಲಿ ಶೇ 88ರಷ್ಟು ಸಾರಗಳು ಬ್ಯಾಕ್ಟೀರಿಯಾ ಬೆಳೆಯದಂತೆ ತಡೆದವು. ಗಿಡಗಳು ಎಂದರೆ ಹಾಗೇನೇ, ತಮ್ಮ ರಕ್ಷಣೆಗೆ ಏನಾದರೂ ಇಟ್ಟುಕೊಂಡಿರುತ್ತವೆ. ಬಾಟಲಿಯಲ್ಲಿ ಬ್ಯಾಕ್ಟೀರಿಯಾ ಸತ್ತಿತು ಎಂದ ಮಾತ್ರಕ್ಕೆ ಚಿಂಪಾಂಜಿ ವೈದ್ಯ ಆಗುವುದಿಲ್ಲ ಅಲ್ವಾ?

ಬ್ಯಾಕ್ಟೀರಿಯಾದ ಮಾತು ಬಂತು. ಹುಳ ಬಾಡಿಗೆಗೆ ಬಂದದ್ದಾದರೆ, ಬ್ಯಾಕ್ಟೀರಿಯಾ ಇಲ್ಲದೆ ಗೊರಿಲ್ಲಾ ಬದುಕುವುದೇ ಇಲ್ಲ. ಅಷ್ಟು ದೊಡ್ಡ ಮೈ ಸೊಪ್ಪು ತಿಂದು ಬೆಳೆಯುತ್ತದೆ, ಆದರೆ ಸೊಪ್ಪಿನ ನಾರನ್ನು ಅರಗಿಸುವ ಶಕ್ತಿ ಅದರ ಕರುಳಿಗೆ ಸ್ವಂತಕ್ಕಿಲ್ಲ. ಹಸುವಿನ ಹಾಗೆ ನಾಲ್ಕು ಕೋಣೆಯ ಹೊಟ್ಟೆಯೂ ಇಲ್ಲ. ದೊಡ್ಡ ಕರುಳಿನಲ್ಲಿರುವ ಬ್ಯಾಕ್ಟೀರಿಯಾಗಳು ನಾರನ್ನು ಹುಳಿಸಿ ಸಣ್ಣ ಕೊಬ್ಬಿನ ಆಮ್ಲಗಳನ್ನು ಮಾಡುತ್ತವೆ, ಗೊರಿಲ್ಲಾ ಅದನ್ನು ಹೀರಿಕೊಳ್ಳುತ್ತದೆ. ಬಯಲು ಕಾಡಿನ ಗೊರಿಲ್ಲಾದ ಆಹಾರವನ್ನು ಲೆಕ್ಕ ಹಾಕಿದವರು, ಅದಕ್ಕೆ ಸಿಗುವ ಶಕ್ತಿಯಲ್ಲಿ ಶೇ 57ರಷ್ಟು ಹೀಗೆ ಬರುತ್ತದೆ ಎಂದು 1997ರಲ್ಲಿ ಅಂದಾಜಿಸಿದ್ದರು. ಈ ಕೆಲಸದಲ್ಲಿ ಬ್ಯಾಕ್ಟೀರಿಯಾ ಒಂದೇ ಇಲ್ಲ. ಟ್ರೊಗ್ಲೊಡೈಟೆಲ್ಲಾ ಎಂಬ ಏಕಕೋಶ ಜೀವಿಯೊಂದಿದೆ, ಮೈತುಂಬ ರೋಮ. ಹಿಂದೆ ಅದನ್ನು ಪರಾವಲಂಬಿ ಎಂದು ಬರೆಯುತ್ತಿದ್ದರು. ಅದೂ ಗಿಡದ ಆಹಾರವನ್ನು ಒಡೆಯಲು ನೆರವಾಗುತ್ತದೆ ಎಂದು ಈಗ ಗೊತ್ತು.

ಈ ಬ್ಯಾಕ್ಟೀರಿಯಾಗಳು ಎಲ್ಲಿಂದ ಬಂದವು? 2016ರಲ್ಲಿ ಆಂಡ್ರ್ಯೂ ಮೊಲ್ಲರ್ ಮತ್ತು ಹಾವರ್ಡ್ ಓಕ್‌ಮನ್ ಅವರ ತಂಡ ಚಿಂಪಾಂಜಿ, ಬೊನೊಬೊ, ಗೊರಿಲ್ಲಾ, ಮನುಷ್ಯ ನಾಲ್ಕೂ ಜಾತಿಯ ಮಲದ ಡಿಎನ್‌ಎ ಹೋಲಿಸಿ ನೋಡಿತು. ಬಿಫಿಡೊಬ್ಯಾಕ್ಟೀರಿಯಾ, ಬ್ಯಾಕ್ಟೆರಾಯ್ಡಿಸ್ ಕುಟುಂಬಗಳ ವಂಶವೃಕ್ಷ ಬರೆದರೆ ಅದು ವಾನರಗಳ ವಂಶವೃಕ್ಷವನ್ನೇ ಹೋಲುತ್ತಿತ್ತು. ಅಂದರೆ ನಮ್ಮೆಲ್ಲರ ಪೂರ್ವಜರು ಬೇರೆಬೇರೆಯಾದಾಗ ಹೊಟ್ಟೆಯ ಬ್ಯಾಕ್ಟೀರಿಯಾವೂ ಮನೆ ಪಾಲು ಮಾಡಿಕೊಂಡು ಹೋಗಿದೆ, ಲಕ್ಷಾಂತರ ವರ್ಷ ತಾಯಿಯಿಂದ ಮರಿಗೆ, ಜೊತೆಯವರಿಂದ ಜೊತೆಯವರಿಗೆ ದಾಟಿಕೊಂಡು ಬಂದಿದೆ. ಎಲ್ಲ ಕುಟುಂಬಗಳೂ ಹೀಗಿಲ್ಲ, ಲ್ಯಾಕ್ನೋಸ್ಪಿರೇಸಿ ಎಂಬುದು ಜಾತಿಯಿಂದ ಜಾತಿಗೆ ಆರಾಮವಾಗಿ ನೆಗೆದಾಡಿದೆ. ಗೊಂಬೆಯ ಚಿಂಪಾಂಜಿಗಳಲ್ಲಿ, ಹೆಚ್ಚು ಹೊತ್ತು ಒಟ್ಟಿಗೆ ಕಳೆಯುವ ಮಳೆಗಾಲದಲ್ಲಿ, ಒಬ್ಬೊಬ್ಬರ ಹೊಟ್ಟೆಯ ಬ್ಯಾಕ್ಟೀರಿಯಾ ಇನ್ನಷ್ಟು ಒಂದೇ ಥರ ಆಗುತ್ತದೆ ಎಂಬುದೂ ಅದೇ ವರ್ಷ ಗೊತ್ತಾಯಿತು. ಬ್ಯಾಕ್ಟೀರಿಯಾ ಅಂಟಿಕೊಳ್ಳುವುದು ಅಂದರೆ ಕೆಟ್ಟದ್ದೇ ಆಗಬೇಕಿಲ್ಲ.

ಹುಳ, ಬ್ಯಾಕ್ಟೀರಿಯಾ ಎರಡೂ ಒಂದೇ ಕರುಳಿನಲ್ಲಿವೆ ಎಂದ ಮೇಲೆ ಒಂದರ ಮೇಲೊಂದು ಪರಿಣಾಮ ಇರಲೇಬೇಕಲ್ಲ? ಇಲಿಗಳ ಪ್ರಯೋಗದಲ್ಲಿ ಇದೆ. ಅಲ್ಲಿಂದ ಹೊರಟು 'ಹುಳ ಇದ್ದರೆ ಹೊಟ್ಟೆಯ ಬ್ಯಾಕ್ಟೀರಿಯಾ ಸಮೃದ್ಧ' ಎಂದು ಬರೆಯುವವರು ಬಹಳ. ಮಧ್ಯ ಆಫ್ರಿಕಾ ಗಣರಾಜ್ಯದ ಜಾಂಗಾ-ಸಂಘಾ ಕಾಡಿನ ಗೊರಿಲ್ಲಾಗಳ 43 ಮಾದರಿಗಳನ್ನು ಪರೀಕ್ಷಿಸಿದ ಅಧ್ಯಯನ 2018ರಲ್ಲಿ ಬಂತು. ಸ್ಟ್ರಾಂಜಿಲಿಡ್ ಮೊಟ್ಟೆಯ ಲೆಕ್ಕಕ್ಕೂ ಬ್ಯಾಕ್ಟೀರಿಯಾದ ಪ್ರಮಾಣಕ್ಕೂ ಅಲ್ಲಿ ಸಂಬಂಧ ಕಾಣಲಿಲ್ಲ. ಸಂಬಂಧ ಕಂಡದ್ದು ಎಂಟಮೀಬಾ ಎಂಬ ಏಕಕೋಶ ಜೀವಿಯ ಜೊತೆ. 43 ಅನ್ನುವುದು ಚಿಕ್ಕ ಸಂಖ್ಯೆ, ಇದೇ ಕೊನೆಯ ಮಾತಲ್ಲ. ಆದರೂ ಇಲಿಯ ಪೆಟ್ಟಿಗೆಯಲ್ಲಿ ಕಂಡದ್ದನ್ನು ಕಾಡಿಗೆ ಹೊತ್ತು ತರುವವರು ಇದನ್ನೊಮ್ಮೆ ಓದಬೇಕು. ಅದೇ ವರ್ಷ ಕಾಂಗೋ ಗಣರಾಜ್ಯದ ಸಂಘಾ ಪ್ರದೇಶದಿಂದ ಬಂದ ಇನ್ನೊಂದು ಅಧ್ಯಯನದಲ್ಲಿ ಹಣ್ಣಿನ ಕಾಲ, ಸೊಪ್ಪಿನ ಕಾಲ ಬದಲಾದಂತೆ ವಾನರಗಳ ಬ್ಯಾಕ್ಟೀರಿಯಾ ಬದಲಾಗುವುದು ಸ್ಪಷ್ಟವಾಗಿ ಕಂಡಿತು. ಸದ್ಯಕ್ಕೆ ನನ್ನ ಮಟ್ಟಿಗೆ ಊಟವೇ ದೊಡ್ಡ ಕಾರಣ, ಹುಳ ಆಮೇಲೆ.

ಊಟ ತಪ್ಪಿದರೆ ಏನಾಗುತ್ತದೆ ಅನ್ನುವುದು ಪ್ರಾಣಿಸಂಗ್ರಹಾಲಯಗಳಲ್ಲಿ ಕಾಣುತ್ತದೆ. ಅಲ್ಲಿನ ಚಿಂಪಾಂಜಿ, ಗೊರಿಲ್ಲಾಗಳ ಬ್ಯಾಕ್ಟೀರಿಯಾ ಕಾಡಿನ ಬಳಗದಿಂದ ದೂರ ಸರಿದು ಮನುಷ್ಯರ ಹೊಟ್ಟೆಯ ಕಡೆಗೆ ವಾಲುತ್ತದೆ. ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಎರಡು ಗಂಡು ಗೊರಿಲ್ಲಾಗಳಿಗೆ ಹೃದಯದ ಕಾಯಿಲೆ ಇತ್ತು. ಬಿಸ್ಕತ್ತು ನಿಲ್ಲಿಸಿ ಸೊಪ್ಪು, ಕೊಂಬೆ ಕೊಡಲು ಶುರು ಮಾಡಿದರು. ಮೊದಲಿಗಿಂತ ಹೆಚ್ಚು ತಿಂದರೂ ತಲಾ ಸುಮಾರು 30 ಕೆ.ಜಿ. ಇಳಿದವು. ಮೈಸೂರು ಮೃಗಾಲಯಕ್ಕೆ 2021ರಲ್ಲಿ ಜರ್ಮನಿಯಿಂದ ಬಂದ ಎರಡು ಗೊರಿಲ್ಲಾಗಳನ್ನು ನೋಡಲು ಹೋದವರು ಮುಂದಿನ ಸಲ ಅವುಗಳ ಊಟದಲ್ಲಿ ಸೊಪ್ಪು ಎಷ್ಟು, ಹಣ್ಣು ಎಷ್ಟು ಎಂದು ಗಮನಿಸಿ.

ಇನ್ನು ಮನುಷ್ಯರ ಪಾಲು. ಮೇಲೆ ಹೇಳಿದ ಹಾಗೆ ವಿರುಂಗಾದಲ್ಲಿ ಹುಳದ ಹೊರೆಗೆ ಪ್ರವಾಸಿಗಳು ದೊಡ್ಡ ಕಾರಣ ಅಲ್ಲ. ಹಾಗೆಂದು ಎಲ್ಲ ಕಡೆಯೂ ಮನುಷ್ಯರು ನಿರ್ದೋಷಿಗಳೇನಲ್ಲ. ಜಾಂಗಾ-ಸಂಘಾದಲ್ಲಿ ಕಾಡಿನಲ್ಲಿ ಕೆಲಸ ಮಾಡುವ ಜನ, ಗೊರಿಲ್ಲಾ, ಚಿಂಪಾಂಜಿ ಎಲ್ಲರಲ್ಲೂ ಅದೇ ಕೊಕ್ಕೆಹುಳುಗಳಿವೆ ಎಂದು 2014ರಲ್ಲಿ ಡಿಎನ್‌ಎ ತೋರಿಸಿತು. ಕೊಕ್ಕೆಹುಳದ ಮರಿ ಬರಿಗಾಲಿನ ಚರ್ಮ ಕೊರೆದು ಒಳಗೆ ಹೋಗುತ್ತದೆ, ಕಾಲು ಯಾರದ್ದು ಎಂದು ಕೇಳುವುದಿಲ್ಲ. ಇದಕ್ಕೆ ಉಲ್ಟಾ ಇನ್ನೊಂದು ಉದಾಹರಣೆ. ಉತ್ತರ ಟೋಗೊ, ಘಾನಾದಲ್ಲಿ ಮನುಷ್ಯರಿಗೂ ಗಂಟುಹುಳ ಹತ್ತುತ್ತದೆ. ಅಲ್ಲಿನ ಕೋತಿಗಳಲ್ಲೂ ಅದೇ ಜಾತಿ. ಕೋತಿಯಿಂದಲೇ ಬಂತು ಎಂದು ಬಹಳ ಕಾಲ ಅನುಮಾನ ಇತ್ತು. ಡಿಎನ್‌ಎ ಓದಿದಾಗ ಮನುಷ್ಯರ ಹುಳ ಬೇರೆ ಬಳಗ, ಕೋತಿಗಳದ್ದು ಬೇರೆ ಎಂದಾಯಿತು.

ಬ್ಯಾಕ್ಟೀರಿಯಾದಲ್ಲಿ ಮನುಷ್ಯರ ಗುರುತು ಇನ್ನೂ ನೇರವಾಗಿದೆ. ಕಿಬಾಲೆಯ ಚಿಂಪಾಂಜಿಗಳ ಇ. ಕೋಲೈ ಬ್ಯಾಕ್ಟೀರಿಯಾ ಸುತ್ತಲಿನ ಹಳ್ಳಿಯವರದ್ದಕ್ಕಿಂತ, ಸಂಶೋಧನೆ ಮತ್ತು ಪ್ರವಾಸೋದ್ಯಮದಲ್ಲಿ ಕೆಲಸ ಮಾಡುವವರ ಇ. ಕೋಲೈಗೆ ಹೆಚ್ಚು ಹತ್ತಿರ ಎಂದು 2007ರ ಅಧ್ಯಯನ ಹೇಳಿತು. ಕಾಪಾಡಲು ಹೋದವರೇ ದಾಟಿಸಿದರು ಎನ್ನುವ ಅನುಮಾನಕ್ಕೆ ಇದು ಸಾಕು. ಬ್ವಿಂಡಿಯ ಗೊರಿಲ್ಲಾಗಳಲ್ಲಿ ಆ್ಯಂಟಿಬಯೋಟಿಕ್‌ಗೆ ಬಗ್ಗದ ಇ. ಕೋಲೈ ಸಿಕ್ಕಿತು. ಯಾವ ಗೊರಿಲ್ಲಾ ತಾನೇ ಔಷಧಿ ಅಂಗಡಿಗೆ ಹೋಗಿತ್ತು? ಅದೇ ಬ್ವಿಂಡಿಯಲ್ಲಿ 1996ರಲ್ಲಿ ಗೊರಿಲ್ಲಾಗಳಿಗೆ ಕಜ್ಜಿ ಬಂದು ಒಂದು ಮರಿ ಸತ್ತಿತ್ತು. ಹೊಲದ ಬೆದರುಬೊಂಬೆಗೆ ತೊಡಿಸಿದ ಹಳೇ ಬಟ್ಟೆಯಿಂದ ಅದು ಹತ್ತಿರಬೇಕು ಎಂಬುದು ಆಗಿನ ತೀರ್ಮಾನ. ಆ ಪ್ರಕರಣ ನೋಡಿಕೊಂಡ ಪಶುವೈದ್ಯೆ ಗ್ಲಾಡಿಸ್ ಕಲೆಮಾ-ಜಿಕುಸೋಕಾ ಮುಂದೆ 2003ರಲ್ಲಿ ಒಂದು ಸಂಸ್ಥೆ ಕಟ್ಟಿದರು. ಗೊರಿಲ್ಲಾ ಚೆನ್ನಾಗಿರಬೇಕಾದರೆ ಪಕ್ಕದ ಊರಿನವರಿಗೆ ಚಿಕಿತ್ಸೆ, ಶೌಚಾಲಯ, ಕೈತೊಳೆಯುವ ನೀರು ಸಿಗಬೇಕು ಎಂಬ ದಾರಿಯಲ್ಲಿ ಅದು ಕೆಲಸ ಮಾಡುತ್ತಿದೆ.

ಗೊರಿಲ್ಲಾಗಳಿಗೇ ಜಂತುಹುಳದ ಮದ್ದು ಕೊಟ್ಟರೆ ಆಗದೇ? ಈ ಪ್ರಶ್ನೆ ಬರುತ್ತಲೇ ಇರುತ್ತದೆ. ತೀರಾ ಹುಷಾರು ತಪ್ಪಿದ ಒಂದು ಗೊರಿಲ್ಲಾಕ್ಕೆ ಚುಚ್ಚುಮದ್ದಿನ ಬಾಣ ಹೊಡೆದು ಕೊಡುತ್ತಾರೆ. 'ಗೊರಿಲ್ಲಾ ಡಾಕ್ಟರ್ಸ್' ತಂಡ 1986ರಿಂದ ಇಂಥ ಕೆಲಸ ಮಾಡುತ್ತಿದೆ. ಜೀವಕ್ಕೆ ಅಪಾಯ ಇದ್ದರೆ, ಇಲ್ಲವೇ ಮನುಷ್ಯರಿಂದಾದ ತೊಂದರೆಯಾದರೆ ಮಾತ್ರ ಕೈ ಹಾಕುವುದು ಅವರ ನಿಯಮ. ಇಡೀ ಕಾಡಿಗೆ ಮದ್ದು ಕೊಡುವುದು ಬೇರೆ ವಿಷಯ. ಮದ್ದು ಕೊಟ್ಟ ಮರುವಾರ ಅದೇ ಸೊಪ್ಪು, ಅದೇ ಮರಿಹುಳ. ಪದೇಪದೇ ಕೊಟ್ಟರೆ ಮದ್ದಿಗೆ ಬಗ್ಗದ ಹುಳ ಉಳಿಯುತ್ತದೆ, ಕುರಿಗಳಲ್ಲಿ ಜಗತ್ತಿನಾದ್ಯಂತ ಇದು ಆಗಿಹೋಗಿದೆ. ಚಿಕ್ಕಂದಿನಿಂದ ಸ್ವಲ್ಪ ಸ್ವಲ್ಪ ಹುಳದ ಜೊತೆ ಏಗಿ ಬಂದ ತಡೆಶಕ್ತಿಯೂ ಸಡಿಲವಾಗುತ್ತದೆ. ನನಗೆ ಇದು ದಾರಿ ಅನ್ನಿಸುವುದಿಲ್ಲ.

ಉಳಿದದ್ದು ನೆಲ. 1960ರ ದಶಕದ ಕೊನೆಯಲ್ಲಿ ವಿರುಂಗಾದ ರುವಾಂಡಾ ಪಾಲಿನ ರಾಷ್ಟ್ರೀಯ ಉದ್ಯಾನದಿಂದ ದೊಡ್ಡ ಭಾಗವನ್ನು ಕತ್ತರಿಸಿ ಪೈರೆಥ್ರಮ್ ಹೂವು ಬೆಳೆಯಲು ಕೊಟ್ಟರು, ಸೊಳ್ಳೆ-ಕೀಟ ಕೊಲ್ಲುವ ಔಷಧಿಗಾಗಿ. ಗೊರಿಲ್ಲಾಗಳು ಎತ್ತರದ ತಣ್ಣನೆ ಇಳಿಜಾರಿಗೆ ಸೀಮಿತವಾಗಿದ್ದರಲ್ಲಿ ಅದರ ಪಾಲೂ ಇದೆ. ಈಗ ರುವಾಂಡಾ ಸರ್ಕಾರ ಆ ಉದ್ಯಾನವನ್ನು ಶೇ 23ರಷ್ಟು ದೊಡ್ಡದು ಮಾಡುವ ಯೋಜನೆ ಹಾಕಿಕೊಂಡಿದೆ. ಅದಕ್ಕೆ ಸಾವಿರಾರು ಕುಟುಂಬಗಳು ಮನೆ, ಹೊಲ ಬಿಟ್ಟು ಬೇರೆ ಕಡೆ ಹೋಗಬೇಕು. ಅವರಿಗೆ ಸಿಗುವ ಮನೆ ಮತ್ತು ದುಡಿಮೆ ಸರಿಯಾಗಿರಬೇಕು ಅನ್ನುವುದು ಮೊದಲ ಮಾತು. ಹೊಸದಾಗಿ ಸೇರುವ ನೆಲ ತಗ್ಗಿನದ್ದು, ಬೆಚ್ಚಗಿನದ್ದು. ಎತ್ತರ, ಮಳೆ, ಚಳಿ ಸೇರಿದಲ್ಲಿ ಹುಳ ಜಾಸ್ತಿ ಎಂದು ಮೊಟ್ಟೆ ಎಣಿಸಿದವರು ಹೇಳಿದ್ದರಲ್ಲ, ಆ ಲೆಕ್ಕದಲ್ಲಿ ತಗ್ಗಿನ ನೆಲ ಗೊರಿಲ್ಲಾಗಳಿಗೆ ಅನುಕೂಲವೇ. ಆದರೆ ಅದು ಇಷ್ಟು ವರ್ಷ ಜನ, ದನ, ಮೇಕೆ ಓಡಾಡಿದ ಮಣ್ಣು. ಗೊರಿಲ್ಲಾಗಳನ್ನು ಅಲ್ಲಿಗೆ ಇಳಿಯಲು ಬಿಡುವ ಮೊದಲು ಒಂದೆರಡು ವರ್ಷ ಹೊಲವನ್ನು ಖಾಲಿ ಬಿಟ್ಟು, ಅಂಚಿನ ಊರುಗಳ ಜನಕ್ಕೆ, ಜಾನುವಾರುಗಳಿಗೆ ಜಂತುಹುಳದ ಚಿಕಿತ್ಸೆ ಕೊಡುವುದನ್ನು ಯೋಜನೆಯ ಖರ್ಚಿನಲ್ಲೇ ಸೇರಿಸಬೇಕು ಎಂದು ನನಗನ್ನಿಸುತ್ತದೆ.